ಎರಡು ಮನೆಗಳ ಪ್ರಶ್ನೆಪತ್ರಿಕೆ

ಗುರುವಾರ ಹತ್ತರಿಂದ ಹನ್ನೆರಡರ ತನಕ ನಮ್ಮೂರಿನಲ್ಲಿ ಯಾರೂ ಮಹತ್ವದ ಮಾತು ಆಡುವುದಿಲ್ಲ. ಹೆಣ್ಣು ಕೇಳಲು ಹೋಗುವವರು ಬುಧವಾರವೇ ಹೋಗಿ ಬಂದುಬಿಡುತ್ತಾರೆ. ಜಗಳ ಇಟ್ಟುಕೊಂಡವರು ಅದನ್ನು ಶುಕ್ರವಾರಕ್ಕೆ ಹಾಕುತ್ತಾರೆ. ಆ ಎರಡು ತಾಸು ಊರಿನ ಕಂಪ್ಯೂಟರ್ ತಂತಿಜಾಲದ ತರಬೇತಿ ಕೇಂದ್ರದಲ್ಲಿ ಅಭ್ಯಾಸದ ಪರೀಕ್ಷೆ ನಡೆಯುತ್ತದೆ. ಅದರ ಪ್ರಶ್ನೆಪತ್ರಿಕೆ ತಯಾರಿಸುವವನು ನಾನು, ಚಂದ್ರಾಮ, ಓದಿದ್ದು ಏಳನೆಯ ಇಯತ್ತೆ.

ಓದು ಕಡಿಮೆಯಾದರೂ ತಂತಿಯ ಬುದ್ಧಿ ನನಗೆ ಗೊತ್ತು. ಇಪ್ಪತ್ತು ವರ್ಷ ಟೆಲಿಫೋನ್ ಕಂಬ ಹತ್ತಿದವನು. ಕಂಬದಿಂದ ಬಿದ್ದು ಎಡಗಾಲು ಕುಂಟಾದ ಮೇಲೆ ಕೇಂದ್ರ ನಡೆಸುವ ವಿಮಲಾಕ್ಷಿ ಮೇಡಂ ನನ್ನನ್ನು ಅಲ್ಲಿಗೆ ಕರೆದರು. ‘ತಂತಿ ಎಲ್ಲೆಲ್ಲಿ ಕೆಡತೈತಿ ಅನ್ನೋದು ನಿಮಗಿಂತ ಚೆಂದ ಯಾರಿಗೆ ಗೊತ್ತೈತ್ರಿ? ಬರ್ರಿ, ನಮ್ಮ ಹುಡುಗರಿಗೆ ಕೆಡಿಸಿ ಕೊಡ್ರಿ’ ಎಂದರು. ಹಾಗೆ ನಾನು ಕೆಡಿಸುವ ನೌಕರಿಗೆ ಸೇರಿದೆ.

ಕೆಲಸ ಇಷ್ಟೇ. ಕಂಪ್ಯೂಟರಿನ ಪರದೆಯ ಮೇಲೆ ಚೌಕ ಚೌಕ ಚಿತ್ರ ಇಟ್ಟು, ಒಂದಕ್ಕೊಂದು ತಂತಿ ಎಳೆಯಬೇಕು. ಪ್ರತಿ ಚೌಕಕ್ಕೂ ವಿಳಾಸದ ಅಂಕಿ ಕೊಡಬೇಕು. ಆಮೇಲೆ ಬೇಕೆಂದೇ ಎಲ್ಲಾದರೂ ಒಂದು ಕಡೆ ಕೆಡಿಸಬೇಕು. ಒಂದು ತಂತಿ ಕಿತ್ತಿಡಬಹುದು, ಒಂದು ಬಾಗಿಲು ಮುಚ್ಚಬಹುದು, ಒಂದು ಅಂಕಿ ತಪ್ಪು ಬರೆಯಬಹುದು. ಪರೀಕ್ಷೆಗೆ ಕುಳಿತವರು ಅದನ್ನು ಹುಡುಕಿ ಸರಿಪಡಿಸಿ ಈ ಚೌಕದಿಂದ ಆ ಚೌಕಕ್ಕೆ ಒಂದು ಸಂದೇಶ ಕಳಿಸಿ ತೋರಿಸಬೇಕು. ಎಲ್ಲ ಪರದೆಯೊಳಗೇ. ಹೊರಗಿನ ಒಂದು ತಂತಿಯನ್ನೂ ಯಾರೂ ಮುಟ್ಟುವುದಿಲ್ಲ. ಬೇರೆ ಊರುಗಳಲ್ಲಿ ಇದು ಇಷ್ಟಕ್ಕೇ ಮುಗಿಯುತ್ತದಂತೆ.

ನಮ್ಮೂರಿನಲ್ಲಿ ಚೌಕಕ್ಕೆ ಒಂದು ಮನೆಯ ಹೆಸರು ಬರೆಯದಿದ್ದರೆ ಪತ್ರಿಕೆ ತೆರೆಯುವುದೇ ಇಲ್ಲ. ಹೆಸರು ಬರೆದರೆ ಅದು ಆ ಮನೆಯೇ. ದಾವಲಸಾಬನ ಹಿಟ್ಟಿನ ಗಿರಣಿಗೂ ಪೋಸ್ಟ್ ಮಾಸ್ತರರ ಮನೆಗೂ ನಡುವೆ ನಾನು ಕೆಡಿಸಿಟ್ಟೆ ಎನ್ನಿ. ಗುರುವಾರ ಹತ್ತಕ್ಕೆ ಮಾಸ್ತರರ ಹೆಂಡತಿ ಗಿರಣಿಯ ಮುಂದೆ ನಿಂತು ‘ಸಣ್ಣಗ ಬೀಸ್ರಿ’ ಎಂದರೆ ತುಟಿ ಅಲುಗುತ್ತದೆ, ಮಾತು ದಾವಲಸಾಬನನ್ನು ಮುಟ್ಟುವುದಿಲ್ಲ. ಮಗ್ಗುಲಲ್ಲಿ ನಿಂತ ಬೇರೆಯವರಿಗೆಲ್ಲ ಕೇಳಿಸುತ್ತದೆ, ಅವನೊಬ್ಬನಿಗೆ ಇಲ್ಲ. ಕೇಂದ್ರದಲ್ಲಿ ಯಾರೋ ತಪ್ಪು ಹುಡುಕಿ ಸರಿಪಡಿಸಿದ ಗಳಿಗೆಗೆ ತಡೆದು ನಿಂತಿದ್ದ ಮಾತೆಲ್ಲ ಆಡಿದ ಕ್ರಮದಲ್ಲೇ ಒಂದರ ಹಿಂದೆ ಒಂದು ಬರುತ್ತದೆ. ಆಡಿದವರು ಅಷ್ಟೊತ್ತಿಗೆ ಮನೆಗೆ ಹೋಗಿ ಅನ್ನಕ್ಕೆ ಇಟ್ಟಿರುತ್ತಾರೆ. ಖಾಲಿ ಬಾಗಿಲಿನಿಂದ ‘ಸಣ್ಣಗ ಬೀಸ್ರಿ’ ಎಂದು ಕೇಳಿ ದಾವಲಸಾಬ ‘ಆತ್ರೀ ಅಕ್ಕಾರ’ ಎಂದು ಗಾಳಿಗೆ ಉತ್ತರ ಕೊಡುತ್ತಾನೆ. ಇದಕ್ಕೆ ನಾವು ನಿಂತ ಮಾತು ಎನ್ನುತ್ತೇವೆ.

ಕೆಡಿಸಿದವನೇ ಸರಿಪಡಿಸುವಂತಿಲ್ಲ. ಸುಳಿವೂ ಕೊಡುವಂತಿಲ್ಲ. ಒಂದು ಸಲ ಒಬ್ಬ ಬಡಪಾಯಿ ವಿದ್ಯಾರ್ಥಿ ಬೆವರುತ್ತ ಕುಳಿತಿದ್ದನ್ನು ನೋಡಲಾರದೆ, ಅವನ ಬಾಣದ ಗುರುತು ಸರಿಯಾದ ಚೌಕದ ಹತ್ತಿರ ಬಂದಾಗ ನಾನು ಕೆಮ್ಮಿದೆ. ಅವನು ಸರಿಪಡಿಸಿದ. ಪರದೆಯಲ್ಲಿ ಸಂದೇಶ ಹೋಯಿತು, ಊರಿನಲ್ಲಿ ಮಾತು ಹೋಗಲಿಲ್ಲ. ಒಂದು ಪತ್ರಿಕೆ ಒಂದು ಗುರುವಾರಕ್ಕೆ ಒಬ್ಬರಿಗೇ ತೆರೆಯುವುದರಿಂದ, ಆ ಎರಡು ಮನೆಯವರು ಮುಂದಿನ ವಾರದ ತನಕ ಕೈಸನ್ನೆಯಲ್ಲೇ ಸಂಸಾರ ಮಾಡಿದರು. ಅಂದಿನಿಂದ ನಾನು ಪರೀಕ್ಷೆಯ ಹೊತ್ತಿಗೆ ಬಾಯಲ್ಲಿ ಲವಂಗ ಇಟ್ಟುಕೊಳ್ಳುತ್ತೇನೆ.

ಅದಕ್ಕೇ ನಾವು ಕೇಳದೆ ಯಾರ ಮನೆಯನ್ನೂ ಪತ್ರಿಕೆಗೆ ಹಾಕುವುದಿಲ್ಲ. ಬುಧವಾರ ಸಂಜೆ ನಾನು ಸೀಮೆಸುಣ್ಣ ಹಿಡಿದು ಹೋಗುತ್ತೇನೆ. ಮನೆಯವರು ಒಪ್ಪಿದರೆ ಬಾಗಿಲ ಚೌಕಟ್ಟಿನ ಮೇಲೆ ಎರಡು ಸೊನ್ನೆ ಬರೆದು ನಡುವೆ ಗೆರೆ ಎಳೆಯುತ್ತೇನೆ. ಅದನ್ನು ನೋಡಿದರೆ ನಾಳೆ ಈ ಮನೆಯದು ಪರೀಕ್ಷೆ ಎಂದು ಎಲ್ಲರಿಗೂ ತಿಳಿಯುತ್ತದೆ. ಯಾರೂ ಬೇಡ ಅನ್ನುವುದಿಲ್ಲ. ಕೆಲವು ಸೊಸೆಯಂದಿರು ತಾವಾಗಿಯೇ ಕರೆದು ಚಹಾ ಕೊಟ್ಟು, ‘ನಮ್ಮತ್ತಿಯ ತವರುಮನಿಗೂ ನಮ್ಮನಿಗೂ ನಡುವ ಒಂದೀಟು ಕೆಡಸ್ರಲಾ ಮಾವಾ, ಸಿಂಗಲ್ ಅಲ್ಲ, ಡಬಲ್ ಗಂಟ ಹಾಕ್ರಿ’ ಎನ್ನುತ್ತಾರೆ.

ಇನ್ನೊಂದು ಕಟ್ಟಳೆ ಇದೆ. ನಿಂತ ಮಾತನ್ನು ಮೂರನೆಯವರು ಹೊತ್ತೊಯ್ದು ಮುಟ್ಟಿಸಬಾರದು. ಅದು ಕಾಪಿ ಹೊಡೆದ ಹಾಗೆ. ಹಾಗೆ ಮಾಡಿದ ಒಬ್ಬಿಬ್ಬರ ಮನೆಯ ಮಾತೂ ವಾರಗಟ್ಟಲೆ ಕಟ್ಟಿಹೋಗಿದ್ದನ್ನು ಕಂಡ ಮೇಲೆ ಜನ ಗುರುವಾರ ಮಾತ್ರವಲ್ಲ, ಯಾವ ದಿನವೂ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೇಳುವುದನ್ನು ಬಿಟ್ಟರು, ಊರ ಸುದ್ದಿಯನ್ನಷ್ಟೇ ಆಡಿದರು. ಚಾಡಿ ನಿಂತಿತು, ಒಳ್ಳೆಯದಾಯಿತು. ಆದರೆ ಒಳ್ಳೆಯ ಮಾತೂ ನಿಂತಿತು.

ನನ್ನ ಅಣ್ಣ ಗುರುಶಾಂತನ ಮನೆ ನನ್ನ ಮನೆಯ ಎದುರಿಗೇ ಇದೆ. ನಡುವೆ ಎರಡು ಎತ್ತಿನ ಗಾಡಿ ಹೋಗುವಷ್ಟು ಓಣಿ. ಹನ್ನೊಂದು ವರ್ಷದಿಂದ ನಮ್ಮೆರಡು ಮನೆಗೆ ಮಾತಿರಲಿಲ್ಲ. ನಾನು ಕಂಬದಿಂದ ಬಿದ್ದ ದಿನ ಏಣಿ ಹಿಡಿದು ಕೆಳಗೆ ನಿಂತವನು ಅವನು. ಹಿಡಿದಿದ್ದ, ಬಿಟ್ಟ. ನಾಲ್ಕು ತಿಂಗಳು ಹಾಸಿಗೆಯಲ್ಲಿದ್ದಾಗ ನೋಡಲು ಬಂದವನಿಗೆ ನಾನು ಗೋಡೆಗೆ ಮುಖ ಮಾಡಿ ‘ಇನ್ನೊಮ್ಮೆ ಈ ಹೊಸ್ತಿಲಾ ತುಳೀಬ್ಯಾಡ’ ಎಂದಿದ್ದೆ. ಅವನು ಮತ್ತೆ ಬರಲಿಲ್ಲ. ಕೇಂದ್ರದ ಕೆಲಸ ಹಿಡಿದ ಮೇಲೆ ಮನಸ್ಸು ಸ್ವಲ್ಪ ಹದಕ್ಕೆ ಬಂತು. ಯುಗಾದಿಯ ದಿನ ನಾನೇ ಕುಂಟುತ್ತ ಹೋಗಿ ಅವನ ಬಾಗಿಲಲ್ಲಿ ನಿಂತು ‘ಅಣ್ಣಾ’ ಎಂದೆ. ಅವನು ಎಲೆಯಡಿಕೆ ಜಗಿಯುತ್ತ ನನ್ನ ಕಾಲನ್ನೇ ನೋಡುತ್ತ ನಿಂತ. ಉತ್ತರ ಬರಲಿಲ್ಲ. ಅಲ್ಲಿಗೆ ಮುಗಿಯಿತು ಅಂದುಕೊಂಡು ತಿರುಗಿ ಬಂದೆ. ದಿನಾ ಬೆಳಿಗ್ಗೆ ಅವನು ತನ್ನ ಕಟ್ಟೆಯ ಮೇಲೆ ಕೂರುತ್ತಿದ್ದ, ಬಾಯಿ ಆಡುತ್ತಿತ್ತು. ಎಲೆಯಡಿಕೆ ಎಂದುಕೊಂಡು ನಾನು ಮುಖ ತಿರುಗಿಸಿ ಮೆಟ್ಟಿಲು ಇಳಿಯುತ್ತಿದ್ದೆ.

ಕಳೆದ ಮಾಘದಲ್ಲಿ ಒಂದು ಸೋಮವಾರ ನನ್ನ ಹೆಂಡತಿ ಶಿವಲೀಲಾ ಗಿರಣಿಯಿಂದ ಬಂದು ಹಿಟ್ಟಿನ ಡಬ್ಬಿ ಇಳಿಸದೆ ನಿಂತಳು. ‘ಭಾವಗ ಗಂಟಲಾಗ ಗಂಟ ಐತಂತ. ಶನಿವಾರ ದೊಡ್ಡಾಸ್ಪತ್ರಿಗೆ ಒಯ್ತಾರಂತ. ಧ್ವನಿಪೆಟ್ಟಿಗಿನ ತಗೀತಾರಂತ.’

‘ತಗದ್ರ?’ ಎಂದೆ.

‘ಜೀವ ಉಳೀತೈತಿ. ಮಾತು ಉಳಿಯಂಗಿಲ್ಲ.’

ಮಾತಾಡದ ಅಣ್ಣನ ಮಾತು ಹೋದರೆ ನನಗೇನು ನಷ್ಟ ಎಂದು ನನ್ನನ್ನೇ ಕೇಳಿಕೊಂಡೆ. ಅಂದು ರಾತ್ರಿ ಅನ್ನ ಸೇರಲಿಲ್ಲ.

ಬುಧವಾರ ಕೇಂದ್ರದಲ್ಲಿ ಕಾಶವ್ವ ಬಂದು ನನ್ನ ಮೇಜಿನ ಮುಂದೆ ನಿಂತಳು. ನಲವತ್ತರ ಹೆಂಗಸು, ಮನೆಮನೆಗೆ ಹೋಗಿ ಬಳೆ ತೊಡಿಸುವವಳು. ಬಸ್ ಡಿಪೋದಲ್ಲಿ ನೌಕರಿ ಸಿಗಬಹುದೆಂದು ಕೋರ್ಸಿಗೆ ಸೇರಿ ಎರಡು ಸಲ ನಪಾಸಾಗಿದ್ದಳು. ತಪ್ಪೇನೂ ಮಾಡುತ್ತಿರಲಿಲ್ಲ, ನಿಧಾನ. ‘ನಿಮ್ಮವು ಅಷ್ಟೂ ಪತ್ರಿಕಿ ಮುಗಿಸೇನ್ರೀ ಕಾಕಾ. ಹಳೇವು ಏನರ ಅದಾವೇನ್ರಿ? ಹರಕಿದ್ರೂ ನಡೀತೈತಿ.’

ಹಳೆಯ ಕಡತಗಳನ್ನು ತೆಗೆದು ನೋಡುತ್ತ ಹೋದೆ. ಪ್ರತಿಯೊಂದರ ಮುಂದೆ ಶೇಕಡಾ ನೂರು ಎಂದಿತ್ತು. ಬಿಡಿಸಿದ ಪತ್ರಿಕೆ ಎಂದು ಅರ್ಥ. ಎಲ್ಲಕ್ಕಿಂತ ಕೆಳಗೆ ಒಂದು ಇತ್ತು, ಸೊನ್ನೆ. ತೆರೆದೆ. ಎರಡೇ ಚೌಕ, ನಡುವೆ ಒಂದು ತಂತಿ. ಒಂದರ ಮೇಲೆ ಚಂದ್ರಾಮ, ಇನ್ನೊಂದರ ಮೇಲೆ ಗುರುಶಾಂತ.

ನಾನು ಕೆಲಸ ಕಲಿಯುವಾಗ ಮೊದಲು ಮಾಡಿದ ಪತ್ರಿಕೆ ಅದು. ಕೈಗೆ ಸಿಕ್ಕ ಹೆಸರು ಬರೆದಿದ್ದೆ. ನಮ್ಮವರೇ ತಾನೆ ಎಂದು ಕೇಳಲೂ ಹೋಗಿರಲಿಲ್ಲ, ಚೌಕಟ್ಟಿಗೆ ಗುರುತೂ ಹಾಕಿರಲಿಲ್ಲ. ಮೇಡಂ ನೋಡಿ ‘ಎರಡ ಮನಿ ಸಾಲಂಗಿಲ್ಲ, ದೊಡ್ಡದು ಮಾಡ್ರಿ’ ಎಂದು ಪಕ್ಕಕ್ಕೆ ಸರಿಸಿದ್ದರು. ಪಕ್ಕಕ್ಕೆ ಸರಿದದ್ದು ಅಲ್ಲೇ ಉಳಿಯಿತು. ಕೆಡಿಸಿದ್ದೆ, ಯಾರೂ ಬಿಡಿಸಿರಲಿಲ್ಲ. ತಾರೀಕು ನೋಡಿದೆ. ಯುಗಾದಿಗೆ ಹದಿನೈದು ದಿನ ಮುಂಚೆ.

ಸಿಟ್ಟಿನ ಮೌನ ಎಂದು ನಾನು ಹನ್ನೊಂದು ವರ್ಷ ಹೊತ್ತದ್ದು ನಾನೇ ಹಾಕಿದ ಗಂಟು. ಇಡೀ ಊರಿನ ಗಂಟು ಗುರುವಾರಕ್ಕೊಮ್ಮೆ ಬಿಚ್ಚಿಸುತ್ತಿದ್ದವನು ನಾನು. ಆ ಹೊತ್ತಿಗೆ ಇನ್ನೊಂದೂ ನೆನಪಾಯಿತು. ಬಿಚ್ಚಿದರೆ ಅವನ ಮಾತಷ್ಟೇ ಅಲ್ಲ, ನನ್ನದೂ ಹೋಗುತ್ತದೆ. ಹನ್ನೊಂದು ವರ್ಷ ಅವನ ಬಾಗಿಲ ಕಡೆಗೆ ಉಗಿದಂತೆ ನಾನು ಆಡಿದ್ದು ಒಂದೂ ಬಿಡದೆ.

ಮೇಡಂಗೆ ಹೇಳಿದೆ. ಅವರು ಪರದೆಯನ್ನೂ ನನ್ನನ್ನೂ ನೋಡಿ ಕನ್ನಡಕ ತೆಗೆದರು. ‘ನಾಳೆ ಬಿಟ್ರ ಶನಿವಾರದೊಳಗ ಇನ್ನೊಂದು ಗುರುವಾರ ಇಲ್ಲ. ವಾದಿರಾಜಗ ಕೊಡ್ರಿ. ಹತ್ತ ನಿಮಿಷದಾಗ ಮುಗಸ್ತಾನ ಅಂವ.’

ವಾದಿರಾಜ ತರಗತಿಗೇ ಮೊದಲಿಗ. ಪರದೆಯಲ್ಲಿ ಕೆಟ್ಟಿದೆ ಎನ್ನುವ ಕೆಂಪು ದೀಪ ಕಂಡಲ್ಲಿ ಗಿಡುಗನ ಹಾಗೆ ಎರಗುತ್ತಾನೆ. ಆದರೆ ಈ ಪತ್ರಿಕೆಯಲ್ಲಿ ತಂತಿಯ ಎರಡೂ ತುದಿಯ ದೀಪ ಹಸಿರು ಇದ್ದವು, ಎಲ್ಲ ಸರಿಯಿದೆ ಎನ್ನುವ ಹಾಗೆ. ಏನು ಕೆಡಿಸಿದ್ದೆನೋ ನನಗೆ ನೆನಪಿರಲಿಲ್ಲ, ನೋಡುವ ಧೈರ್ಯವೂ ಇರಲಿಲ್ಲ. ನೋಡಿದರೆ ನನ್ನ ಮುಖವೇ ಸುಳಿವಾದೀತು. ಆದರೆ ಕೆಡಿಸಿದವನು ಯಾವ ಮನುಷ್ಯ ಎಂಬುದು ನೆನಪಿತ್ತು. ಕಾಲು ಮುರಿದುಕೊಂಡು, ಒಳಗೆ ಹೊಗೆಯಾಡುತ್ತಿದ್ದವನು. ಅಂಥವನು ಬಚ್ಚಿಟ್ಟದ್ದು ಜಾಣರ ಕೈಗೆ ಬೇಗ ಸಿಗುವುದಿಲ್ಲ.

‘ಕಾಶವ್ವಗ ಕೊಡ್ರಿ’ ಎಂದೆ.

‘ಎರಡ ಸಲ ನಪಾಸಾದಾಕಿಗೆ?’

‘ಆಕಿ ದಿನಾ ನಲವತ್ತು ಮನಿ ಹೊಕ್ಕು ಬರತಾಳ್ರಿ ಮೇಡಂ. ಹಸಿರ ದೀಪ ಹಚ್ಚಿಕೊಂಡು ಒಳಗ ಅಳೋ ಮನಿ ಎಷ್ಟಿರತಾವು ಅನ್ನೋದು ಆಕಿಗೆ ಗೊತ್ತು.’

ಮೇಡಂ ಪತ್ರಿಕೆಯನ್ನು ಕಾಶವ್ವನ ಸರದಿಗೆ ಹಾಕಿದರು.

ಸಂಜೆ ಸೀಮೆಸುಣ್ಣ ಹಿಡಿದು ಓಣಿ ದಾಟಿದೆ. ಎರಡು ಗಾಡಿ ಅಗಲದ ಓಣಿ ಅಂದು ಹೊಳೆಯಷ್ಟು ಅಗಲವಾಗಿತ್ತು. ಬಾಗಿಲು ತೆರೆದವಳು ವೈನಿ, ಅಣ್ಣನ ಹೆಂಡತಿ. ನನ್ನನ್ನು ಕಂಡು ಸೆರಗು ಬಾಯಿಗೆ ಒತ್ತಿಕೊಂಡಳು. ಹಿಂದೆ ಅಣ್ಣ, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು. ಮಾತು ಮುಟ್ಟುವುದಿಲ್ಲ ಎಂದು ಈಗ ಗೊತ್ತಿದ್ದರಿಂದ ನಾನು ಬಾಯಿ ತೆರೆಯಲಿಲ್ಲ. ಚೌಕಟ್ಟಿನ ಮೇಲೆ ಎರಡು ಸೊನ್ನೆ ಬರೆದೆ. ನಡುವೆ ಎಳೆದ ಗೆರೆ ಹಾವಿನ ಹಾಗೆ ಸೊಟ್ಟಾಯಿತು.

ಅಣ್ಣ ಗುರುತು ನೋಡಿದ. ಹುಬ್ಬು ಗಂಟಿಕ್ಕಿದ. ಇರುವ ಮಾತು ಕೆಡಿಸಲು ಗುರುತು ಹಾಕುತ್ತಾರೆ, ಇಲ್ಲದ ಮಾತನ್ನು ಏನು ಕೆಡಿಸುತ್ತೀ ಎನ್ನುವ ಹಾಗೆ ನನ್ನ ಕಡೆ ಕೈ ತಿರುಗಿಸಿದ. ನಾನು ನನ್ನ ಎದೆ ಮುಟ್ಟಿ, ಗೆರೆ ಮುಟ್ಟಿ, ಹತ್ತು ಬೆರಳು ತೋರಿಸಿ ಮತ್ತೊಂದು ಬೆರಳು ಎತ್ತಿದೆ. ಹನ್ನೊಂದು. ಅವನು ಮೆಲ್ಲಗೆ ಬಂದು ಆ ಸುಣ್ಣದ ಗೆರೆಯ ಮೇಲೆ ಬೆರಳಿಟ್ಟ, ಜ್ವರ ನೋಡುವ ಹಾಗೆ. ನಾನು ತಿರುಗಿ ಬಂದು ನನ್ನ ಬಾಗಿಲಿಗೂ ಅದೇ ಗುರುತು ಹಾಕಿದೆ.

ಗುರುವಾರ ನಾನು ಕೇಂದ್ರಕ್ಕೆ ಹೋಗಲಿಲ್ಲ. ಲವಂಗ ಸಾಲದು ಅನಿಸಿತು. ನನ್ನ ಮನೆಯ ಮೆಟ್ಟಿಲ ಮೇಲೆ ಕುಳಿತೆ, ಪಕ್ಕಕ್ಕೆ ಶಿವಲೀಲಾ. ಎದುರು ಕಟ್ಟೆಯ ಮೇಲೆ ಅಣ್ಣ, ವೈನಿ. ಓಣಿಯವರು ಎರಡೂ ಬಾಗಿಲ ಗುರುತು ನೋಡಿ ತಮ್ಮ ತಮ್ಮ ಕಟ್ಟೆಗಳಿಗೆ ಬಂದು ಕುಳಿತರು. ದಾವಲಸಾಬ ಗಿರಣಿ ನಿಲ್ಲಿಸಿದ. ಹತ್ತಾಯಿತು. ಹತ್ತೂವರೆ. ಹನ್ನೊಂದು. ಬಿಸಿಲು ಅಣ್ಣನ ಕಟ್ಟೆಯಿಂದ ನನ್ನ ಮೆಟ್ಟಿಲಿಗೆ ದಾಟಿತು. ಹನ್ನೊಂದೂವರೆಗೆ ಶಿವಲೀಲಾ ‘ವಾದಿರಾಜಗ ಕೊಡಬೇಕಿತ್ತು ನೀವು’ ಎಂದಳು. ನಾನೂ ಅದನ್ನೇ ನೆನೆಯುತ್ತಿದ್ದೆ.

ಆಗ ಕೇಳಿಸಿತು.

‘ಚಂದ್ರಾ, ಕಾಲು ಹೆಂಗೈತೋ?’

ಅಣ್ಣನ ಧ್ವನಿ. ಈಗಿನ ಒಡಕು ಧ್ವನಿಯಲ್ಲ, ಹನ್ನೊಂದು ವರ್ಷ ಹಿಂದಿನದು, ಓಣಿಯ ಆ ತುದಿಗೆ ಕೇಳುತ್ತಿದ್ದ ಕಂಚಿನ ಧ್ವನಿ. ಅವನ ತುಟಿ ಅಲುಗಿರಲಿಲ್ಲ. ಶಿವಲೀಲಾ ನನ್ನ ತೋಳು ಹಿಡಿದಳು. ಮತ್ತೆ ಬಂತು: ‘ಎರಡನೇ ಮೆಟ್ಲಾ ಅಲಗತೈತಿ, ನೋಡಿ ಕಾಲಿಡು.’ ಮತ್ತೆ ಅದೇ. ಮತ್ತೆ ಅದೇ. ದಿನಕ್ಕೊಂದು. ಬೆಳಿಗ್ಗೆ ಆಡುತ್ತಿದ್ದ ಬಾಯಿ ಎಲೆಯಡಿಕೆಯನ್ನಷ್ಟೇ ಜಗಿಯುತ್ತಿರಲಿಲ್ಲ. ನಡುವೆ ಯುಗಾದಿ ಬಂತು. ‘ಬಾರೋ, ಒಳಗ ಬಾ. ಯಾಕ ಬಾಗಲಾಗ ನಿಂತಿ? ಕುಂಟ ಕಾಲ ತಗೊಂಡು ಯಾಕ ಬಂದಿ, ಹೇಳಿ ಕಳಿಸಿದ್ರ ನಾನ ಬರತಿದ್ದಿಲ್ಲೇನು? ಚಂದ್ರಾ! ಏ ಚಂದ್ರಾ, ಯಾಕ ಹೊಂಟಿ?’

ನಾನು ತಲೆ ಎತ್ತಲಾರದೆ ಹೋದೆ. ಎತ್ತಿದಾಗ ಅಣ್ಣ ಕಟ್ಟೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತು ನನ್ನ ‘ಅಣ್ಣಾ’ ಕೇಳುತ್ತಿದ್ದ. ಅದು ಮುಟ್ಟಿತು ಎಂದು ಅವನ ಕಣ್ಣಿನಿಂದಲೇ ತಿಳಿಯಿತು. ಅದರ ಹಿಂದೆಯೇ ನನ್ನ ಉಳಿದ ಮಾತುಗಳೂ ಹೊರಟವು. ಏಣಿ ಬಿಟ್ಟವನು, ಕೈ ಕೊಟ್ಟವನು, ಹೋರಿ, ಇವನ ಗಂಟಲಿಗೆ ಮಣ್ಣು ಬೀಳಲಿ. ಕಡೆಯದು ಮುಟ್ಟಿದಾಗ ಅವನು ಮಫ್ಲರ್ ಮುಟ್ಟಿಕೊಂಡು ನನ್ನತ್ತ ನೋಡಿದ. ನಾನು ಎರಡೂ ಕೈ ಜೋಡಿಸಿದೆ. ಅವನು ಸೊಳ್ಳೆ ಓಡಿಸುವ ಹಾಗೆ ಕೈ ಬೀಸಿ ಹೊಟ್ಟೆ ಅಲುಗಿಸಿ ನಕ್ಕ.

ದಾವಲಸಾಬ ಕಣ್ಣೊರೆಸಿಕೊಂಡು ನನ್ನ ಹತ್ತಿರ ಬಂದ. ‘ಅಂವ ದಿನಾ ಹೇಳೋದು ನಮಗೆಲ್ಲಾ ಕೇಳ್ತಿತ್ತೋ ಚಂದ್ರಾಮಾ. ನೀ ಮಾರಿ ತಿರಗಿಸಿ ಹೋಗತಿದ್ದಿ. ಎಂಥಾ ಕಲ್ಲಮನಸಿನವ ಇಂವ ಅಂತಿದ್ವಿ. ಮಾತು ಹೊರಬಾರದಲಾ ಅಂತ ಸುಮ್ಮನಿದ್ವಿ.’

ಅಷ್ಟೊತ್ತಿಗೆ ಕಾಶವ್ವ ಸೀರೆ ಎತ್ತಿ ಹಿಡಿದು ಓಡುತ್ತ ಬಂದಳು. ‘ಸರಿ ಆತೇನ್ರೀ ಕಾಕಾ?’ ನಾನು ಕಿವಿ ಮುಟ್ಟಿ ತೋರಿಸಿದೆ. ಅವಳು ಮೆಟ್ಟಿಲ ಮೇಲೇ ಕುಳಿತಳು. ‘ತಂತಿ ಛಲೋ ಇತ್ತು, ದೀಪ ಛಲೋ ಇದ್ವು. ಒಂದ ತಾಸು ಸುಮ್ಮನ ನೋಡ್ದೆ. ಆಮೇಲೆ ಬಳಿ ಮಾರೋರು ಕೇಳೋ ಹಂಗ ಒಂದೊಂದ ಮನಿಗೆ ಹೋಗಿ ಕೇಳ್ದೆ, ನಿಮ್ಮ ಓಣಿ ಎಲ್ಲಿತನಕ ಐತ್ರೆವಾ ಅಂತ. ನಿಮ್ಮಣ್ಣಾರ ಮನಿ ಹೇಳ್ತು, ಇಡೀ ಓಣಿ ನಮ್ದು ಅಂತ. ನಿಮ್ಮನಿ ಹೇಳ್ತು, ಅರ್ಧಾ ಓಣಿ ಅಷ್ಟ ನಮ್ದು, ಆ ಕಡಿ ಮನಿ ಬ್ಯಾರೆ ಊರು ಅಂತ.’

ಮಾಸ್ಕ್ ಎನ್ನುವ ಅಂಕಿ ಅದು, ಮನೆಗೆ ತನ್ನ ಓಣಿಯ ಗಡಿ ತಿಳಿಸುವಂಥದು. ಕೊನೆಯಲ್ಲಿ ಸೊನ್ನೆ ಇರಬೇಕಾದಲ್ಲಿ ನಾನು ನೂರಾ ಇಪ್ಪತ್ತೆಂಟು ಬರೆದಿದ್ದೆ. ಅವನ ಮನೆಯಲ್ಲಿ ಏನೂ ತಪ್ಪಿರಲಿಲ್ಲ. ತಪ್ಪು ನನ್ನ ಮನೆಯಲ್ಲಿತ್ತು. ಕಾಶವ್ವ ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ, ಬಳೆ ಸರಿಮಾಡಿಕೊಳ್ಳುತ್ತಿದ್ದಳು. ಮುಂದೆ ಅವಳು ಪಾಸಾದಳು, ಡಿಪೋದಲ್ಲಿ ನೌಕರಿಯೂ ಆಯಿತು.

ನನ್ನ ಮಾತು ಕಡಿಮೆ, ಮಧ್ಯಾಹ್ನ ಮೂರಕ್ಕೇ ತೀರಿತು. ಅವನದು ತೀರಲಿಲ್ಲ. ಹನ್ನೊಂದು ವರ್ಷದ ಮುಂಜಾವುಗಳು, ಹಬ್ಬಕ್ಕೆ ಕರೆದದ್ದು, ಮೊಮ್ಮಗಳು ಹುಟ್ಟಿದಾಗ ‘ನಿನ್ನಂಗ ಮೂಗೈತೋ’ ಎಂದದ್ದು. ಮತ್ತೊಂದು, ಯಾವುದೋ ಮಳೆಗಾಲದ್ದು, ತೀರ ಸಣ್ಣ ಧ್ವನಿಯಲ್ಲಿ: ‘ಎಲಿಅಡಿಕಿ ಚೀಲಾ ತಗೀಲಿಕ್ಕೆ ಏಣಿ ಬಿಟ್ಟೆ ಚಂದ್ರಾ. ಅದಕ್ಕೇ. ಮತ್ತೇನೂ ಇಲ್ಲ.’ ಹೊಸ ಮಾತು ಹಳೆಯದರ ಹಿಂದೆ ಸರದಿಯಲ್ಲಿ ನಿಲ್ಲಬೇಕು. ಅಣ್ಣನಿಗೆ ಅದು ತಿಳಿದಿತ್ತು. ಹಾದಿ ತೆರವಾಗಲೆಂದು ಅವನು ಗುರುವಾರ, ಶುಕ್ರವಾರ ನನ್ನ ಕೂಡ ಒಂದು ಮಾತೂ ಆಡಲಿಲ್ಲ. ಇದ್ದ ಧ್ವನಿಯನ್ನು ಬಾಯೊಳಗೇ ಹಿಡಿದು ಕುಳಿತ. ನಾನು ಮಾತಾಡಿದೆ, ಅವನು ಕೇಳಿದ. ಅವನ ಹಳೆಯ ಮಾತು ಬಂತು, ನಾನು ಕೇಳಿದೆ. ಊಟಕ್ಕೆ ಎರಡೂ ಮನೆಯ ತಟ್ಟೆ ಓಣಿಯ ನಡುವೆಯೇ ಹಾಕಿದರು.

ಶನಿವಾರ ಬೆಳಿಗ್ಗೆ ವಾಹನ ಬಂದು ನಿಂತಿತು. ಕೊನೆಯ ನಿಂತ ಮಾತು, ಬುಧವಾರ ಮುಂಜಾನೆಯದು, ‘ಮೆಟ್ಲಾ, ಮೆಟ್ಲಾ’ ಎಂದು ಬಂದು ಮುಟ್ಟಿ ಹಾದಿ ತೆರವಾಯಿತು. ನಾನು ಕೈ ಎತ್ತಿ ಸನ್ನೆ ಮಾಡಿದೆ. ಅಣ್ಣ ವಾಹನದ ಬಾಗಿಲು ಹಿಡಿದು ನಿಂತ. ಎರಡು ದಿನದಿಂದ ಕೂಡಿಟ್ಟ ಧ್ವನಿ. ಓಣಿಯೆಲ್ಲ ಉಸಿರು ಹಿಡಿಯಿತು.

‘ಆ ಮೆಟ್ಲದ ಕಲ್ಲು ಒಂದು ಗಟ್ಟಿ ಮಾಡಸೋ ಮಾರಾಯಾ’ ಎಂದ ಅವನು. ‘ಹನ್ನೊಂದ ವರ್ಷಾ ಆತು, ಹೇಳಿ ಹೇಳಿ ನನ್ನ ಗಂಟಲಾ ಹೋತು.’

ಓಣಿಗೆ ಓಣಿಯೇ ನಕ್ಕಿತು. ನಾನೂ ನಕ್ಕೆ. ವಾಹನ ತಿರುವು ದಾಟಿದ ಮೇಲೆ ಅತ್ತೆ.

ಅಣ್ಣ ತಿಂಗಳು ಕಳೆದು ಗುಣವಾಗಿ ಬಂದ. ಕುತ್ತಿಗೆಗೆ ಬಿಳಿ ಬಟ್ಟೆ ಇರುತ್ತದೆ, ಎಲೆಯಡಿಕೆ ಬಿಟ್ಟಿದ್ದಾನೆ. ಬೆಳಿಗ್ಗೆ ತನ್ನ ಕಟ್ಟೆಯ ಮೇಲೆ ಕೂರುತ್ತಾನೆ. ನಾನು ಬಾಗಿಲು ತೆರೆದು ಎರಡನೆಯ ಮೆಟ್ಟಿಲಿಗೆ ಕಾಲು ಚಾಚಿದ ಕೂಡಲೇ ಕೋಲಿನಿಂದ ಕಟ್ಟೆಯನ್ನು ಎರಡು ಸಲ ಬಡಿಯುತ್ತಾನೆ. ‘ಹೂಂನಪಾ, ಕಂಡೇನಿ’ ಎನ್ನುತ್ತೇನೆ ನಾನು. ಶಿವಲೀಲಾ ಗಾರೆಯವನನ್ನು ಮೂರು ಸಲ ಕರೆಸಿದಳು. ಮೂರು ಸಲವೂ ನಾನು ಅವನಿಗೆ ಚಹಾ ಕುಡಿಸಿ ಕಳಿಸಿದೆ. ಆ ಕಲ್ಲು ಇನ್ನೂ ಅಲುಗುತ್ತದೆ.